ಆರ್ ಭಾಷೆಯ ಮೆಥಡ್ಸ್ ಪ್ಯಾಕೇಜು: ಶಿರಸಿಯ ಅಡಿಕೆ ಲೆಕ್ಕದಲ್ಲಿ 6 ವರ್ಷ ಬಳಸಿದ ಮೇಲೆ

ಬಳಕೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಯ ಅಡಿಕೆ ಲಾಟುಗಳ ಲೆಕ್ಕ, ಜೊತೆಗೆ ಕಾರವಾರ ಬಂದರಿನ ಮೀನಿನ ಲೆಕ್ಕ. ಅವಧಿ: 6 ವರ್ಷ. ಅಂಕ: 5ಕ್ಕೆ 4.

ಆರ್ ಎಂಬುದು ಅಂಕಿಅಂಶದ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಕ್ಲಾಸು, ಅಂದರೆ ಒಂದು ಜಾತಿಯ ವಸ್ತುವಿನ ಅಚ್ಚು, ಬರೆಯುವ ಒಂದು ವ್ಯವಸ್ಥೆ ಎಸ್4; ಅದನ್ನು ನಡೆಸುವುದು ಮೆಥಡ್ಸ್ ಪ್ಯಾಕೇಜು. ಎಸ್4 ಕ್ಲಾಸು ಬರೆಯುವುದು ಹೇಗೆಂದು ಹೇಳುವ ಬರಹ ಬೇಕಷ್ಟಿವೆ. ಇದು ಆ ಪ್ಯಾಕೇಜಿನ ಒಳಗಿನ ಸಲಕರಣೆಗಳ ವಿಮರ್ಶೆ. ಜೆನೆರಿಕ್ ಎಂದರೆ ಕೊಟ್ಟ ವಸ್ತುವಿನ ಕ್ಲಾಸು ನೋಡಿ ಕೆಲಸ ಹಂಚುವ ಫಂಕ್ಷನ್, ಮೆಥಡ್ ಎಂದರೆ ಒಂದು ಕ್ಲಾಸಿಗೆಂದು ಬರೆದ ಕೋಡು. ಜೆನೆರಿಕ್ ಫಂಕ್ಷನ್ನುಗಳನ್ನೂ ಅವುಗಳ ಮೆಥಡ್‌ಗಳನ್ನೂ ಹುಡುಕುವ, ತೋರಿಸುವ, ತೆಗೆದುಹಾಕುವ, ಹೊಂದಿಸುವ ಫಂಕ್ಷನ್ನುಗಳು ಇವು: ಗೆಟ್‌ಜೆನೆರಿಕ್, ಶೋಮೆಥಡ್ಸ್, ಎಕ್ಸಿಸ್ಟ್ಸ್‌ಮೆಥಡ್, ರಿಮೂವ್‌ಜೆನೆರಿಕ್ ಇತ್ಯಾದಿ. ಟೈಪ್ ಮಾಡುವಾಗ ಇವುಗಳ ಹೆಸರಿನ ಎರಡನೆಯ ಪದದ ಮೊದಲಕ್ಷರ ದೊಡ್ಡದಿರಬೇಕು ಎಂಬುದನ್ನು ಮರೆಯಬೇಡಿ.

ಜಾನ್ ಚೇಂಬರ್ಸ್ ಆರ್‌ನ ಪೂರ್ವಜನಾದ ಎಸ್ ಭಾಷೆಗೆ ರೂಪಿಸಿದ ಈ ವ್ಯವಸ್ಥೆ ಆರ್‌ಗೆ ಬಂದದ್ದು 2001ರ 1.4.0 ಆವೃತ್ತಿಯಲ್ಲಿ. 2003ರ 1.7.0ರಿಂದ ಆರ್ ತೆರೆದ ಕೂಡಲೇ ಪ್ಯಾಕೇಜು ತಾನಾಗಿ ಲೋಡ್ ಆಗುತ್ತದೆ. ಬೇರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಸಹಾಯ ಪುಟಗಳೂ ಕಂಪ್ಯೂಟರಿನಲ್ಲೇ ಇರುತ್ತವೆ. ಆಷಾಢದ ಮಳೆಗೆ ನೆಟ್ ಹೋಗಿ ಎರಡು ದಿನ ಬಾರದ ಘಟ್ಟದ ಮೇಲಿನ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಮೊದಲು ತಿಳಿಯಬೇಕಾದ್ದು ಒಂದೇ. ಜೆನೆರಿಕ್ ಎಂದರೆ ಬರೀ ಫಂಕ್ಷನ್ ಅಲ್ಲ, ಅದರ ಬೆನ್ನಿಗೆ ಮೆಥಡ್‌ಗಳ ಒಂದು ಪಟ್ಟಿ ಇದೆ. ಆ ಪಟ್ಟಿ ಒಂದು ಎನ್ವಿರಾನ್‌ಮೆಂಟಿನಲ್ಲಿ, ಅಂದರೆ ಆರ್ ಹೆಸರುಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಕೂತಿರುತ್ತದೆ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ, ಅಲ್ಲಿರುವ ಹೆಸರುಗಳನ್ನು ತೋರಿಸುವ ಸಾಮಾನ್ಯ ಎಲ್‌ಎಸ್‌ಗೆ ಕಾಣುವುದಿಲ್ಲ. ಆಲ್ ನೇಮ್ಸ್ ಆಯ್ಕೆಗೆ ಟ್ರೂ ಕೊಟ್ಟು ನೋಡಿದರೆ ಚುಕ್ಕಿ, ಎರಡು ಅಂಡರ್‌ಸ್ಕೋರು, ದೊಡ್ಡ ಟಿ, ಮತ್ತೆ ಎರಡು ಅಂಡರ್‌ಸ್ಕೋರು, ಆಮೇಲೆ ಜೆನೆರಿಕ್ಕಿನ ಹೆಸರು, ಕೋಲನ್, ಪ್ಯಾಕೇಜಿನ ಹೆಸರು ಹೀಗೆ ಸಿಗುತ್ತದೆ. ಕ್ಲಾಸಿನ ವಿವರಕ್ಕೂ ಹೆಚ್ಚುಕಡಿಮೆ ಇದೇ ಕ್ರಮ, ಟಿ ಬದಲು ಸಿ, ಕೊನೆಗೆ ಕ್ಲಾಸಿನ ಹೆಸರು ಮಾತ್ರ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಪಟ್ಟಿ ಎಲ್ಲಿದೆ, ಯಾವಾಗ ಹುಟ್ಟಿತು ಎಂಬುದನ್ನು ಗಮನಿಸದೆ ಆಗುವಂಥವು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ಎಂಬ ಮೂಲ ಕ್ಲಾಸು. ಅದರಡಿ ಅಡಿಕೆಯ ನಾಲ್ಕು ಜಾತಿ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು. ಮೌಲ್ಯ ಎಂಬ ಜೆನೆರಿಕ್ಕು ಲಾಟಿನ ಬೆಲೆ ಕೊಡುತ್ತದೆ. ಅಡಿಕೆಯ ಮೆಥಡ್ಡು ತೂಕವನ್ನು ದರಕ್ಕೆ ಗುಣಿಸುತ್ತದೆ, ಅಷ್ಟೆ. ಚಾಲಿಯ ಮೆಥಡ್ಡು ಚೀಲಕ್ಕೆ 1 ಕಿಲೋ ಗೋಣಿಯ ತೂಕ ಕಳೆದು ಗುಣಿಸುತ್ತದೆ. 12 ಚೀಲ, ಒಟ್ಟು 780 ಕಿಲೋ, ಕ್ವಿಂಟಲಿಗೆ 40,000 ರೂಪಾಯಿ ಎಂದು ಹಿಡಿದರೆ ಚಾಲಿ ಮೆಥಡ್ಡಿನ ಪ್ರಕಾರ 3,07,200 ಬರಬೇಕು.

ಈಗ ಅಡಿಕೆ ಕ್ಲಾಸು, ಸೆಟ್‌ಜೆನೆರಿಕ್ ಮತ್ತು ಅಡಿಕೆಯ ಮೆಥಡ್ಡು ಒಂದನೆಯ ಫೈಲಿನಲ್ಲಿ, ಚಾಲಿಯದು ಎರಡನೆಯದರಲ್ಲಿ ಇದೆ ಎನ್ನಿ. ಒಂದನೆಯ ಫೈಲಿನಲ್ಲಿ ಏನೋ ತಿದ್ದಿ ಅದನ್ನಷ್ಟೇ ಮತ್ತೆ ಸೋರ್ಸ್ ಮಾಡಿದರೆ, ಅಂದರೆ ಓಡಿಸಿದರೆ, ಸೆಟ್‌ಜೆನೆರಿಕ್ ಹೊಸ ಜೆನೆರಿಕ್ಕನ್ನು ಹುಟ್ಟಿಸುತ್ತದೆ, ಹಳೆಯ ಪಟ್ಟಿ ಅಳಿಯುತ್ತದೆ. ಅಡಿಕೆಯ ಮೆಥಡ್ಡು ಅದೇ ಫೈಲಿನಲ್ಲಿರುವುದರಿಂದ ಮತ್ತೆ ಸೇರಿಕೊಳ್ಳುತ್ತದೆ, ಚಾಲಿಯದು ಸೇರುವುದಿಲ್ಲ. ಚಾಲಿ ಲಾಟು ಕೊಟ್ಟರೆ ಎರರ್ ಬರುವುದಿಲ್ಲ. ಮೂಲ ಕ್ಲಾಸಿನ ಮೆಥಡ್ಡು ಓಡಿ 3,12,000 ಎಂದು ಹೇಳುತ್ತದೆ. ಒಂದು ಲಾಟಿಗೆ 4,800 ರೂಪಾಯಿ ವ್ಯತ್ಯಾಸ, ಅದೂ ಸದ್ದಿಲ್ಲದೆ. ಈ ಪ್ಯಾಕೇಜಿನಲ್ಲಿ ಅತ್ಯಂತ ಅಪಾಯದ ಜಾಗ ಇದೇ. ಪರಿಹಾರ ಎರಡು: ಸೆಟ್‌ಜೆನೆರಿಕ್ಕನ್ನು ಈಸ್‌ಜೆನೆರಿಕ್ ಪರೀಕ್ಷೆಯ (ಆ ಹೆಸರಿನ ಜೆನೆರಿಕ್ ಈಗಾಗಲೇ ಇದೆಯೇ ಎಂದು ನೋಡುವುದು) ಒಳಗೆ ಇಡಿ, ಇಲ್ಲವೇ, ಇದೇ ಒಳ್ಳೆಯದು, ಎಲ್ಲವನ್ನೂ ಪ್ಯಾಕೇಜು ಮಾಡಿ ಪ್ರತಿಸಲ ಪೂರ್ತಿ ಲೋಡ್ ಮಾಡಿ.

ಇದರ ಅಣ್ಣನಂಥ ಇನ್ನೊಂದು ತೊಂದರೆ ಇದೆ. ಆರ್ ಮುಚ್ಚುವಾಗ ವರ್ಕ್‌ಸ್ಪೇಸ್, ಅಂದರೆ ಆಗ ನೆನಪಿನಲ್ಲಿರುವುದನ್ನೆಲ್ಲ, ಉಳಿಸಲೇ ಎಂದು ಕೇಳಿದಾಗ ಹೌದೆಂದರೆ ಆ ಚುಕ್ಕಿಯ ಪಟ್ಟಿಗಳೂ ಫೈಲಿಗೆ ಹೋಗುತ್ತವೆ. ಮರುದಿನ ತೆರೆದರೆ ನಿನ್ನೆಯ ಮೆಥಡ್‌ಗಳು ಹಾಗೇ ಎದ್ದು ಕೂರುತ್ತವೆ. ಕೋಡಿನಿಂದ ತೆಗೆದುಹಾಕಿದ ಮೆಥಡ್ಡು ಇನ್ನೂ ಯಾಕೆ ಓಡುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರು ಮೊದಲು ಇದನ್ನು ನೋಡಿ. ಆರ್‌ಎಮ್ ಬರೆದು ಜೆನೆರಿಕ್ ಅಳಿಸಿದರೆ ಫಂಕ್ಷನ್ ಮಾತ್ರ ಹೋಗುತ್ತದೆ, ಪಟ್ಟಿ ಉಳಿಯುತ್ತದೆ. ರಿಮೂವ್‌ಜೆನೆರಿಕ್ ಎರಡನ್ನೂ ತೆಗೆಯುತ್ತದೆ. ಲೆಕ್ಕದ ಕೆಲಸಕ್ಕೆ ಆರ್ ಅನ್ನು ನೋ ರಿಸ್ಟೋರ್ ಆಯ್ಕೆ ಕೊಟ್ಟೇ ತೆರೆಯಿರಿ.

ನೋಡುವ ಸಲಕರಣೆಗಳಿಗೆ ಪೂರ್ತಿ ಅಂಕ. ಶೋಮೆಥಡ್ಸ್‌ಗೆ ಇನ್‌ಹೆರಿಟೆಡ್ ಟ್ರೂ ಕೊಟ್ಟರೆ ಯಾವ ಮೆಥಡ್ಡು ನೇರ, ಯಾವುದು ಮೂಲ ಕ್ಲಾಸಿನಿಂದ ಬಂದದ್ದು ಎರಡೂ ಕಾಣುತ್ತವೆ. ಮೇಲಿನ ಉದಾಹರಣೆಯಲ್ಲಿ ಚಾಲಿಯ ಸಾಲಿನ ಕೆಳಗೆ ಅಡಿಕೆಯಿಂದ ಬಂದದ್ದು ಎಂದು ಬರೆದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಒಂದು ಮಾತು: ಆ ಕ್ಲಾಸಿಗೆ ಜೆನೆರಿಕ್ಕನ್ನು ಒಮ್ಮೆಯಾದರೂ ಕರೆಯುವ ತನಕ ಮೂಲದಿಂದ ಬಂದ ಮೆಥಡ್ಡು ಪಟ್ಟಿಯಲ್ಲಿ ಕಾಣುವುದಿಲ್ಲ. ಮೊದಲ ಕರೆಯಲ್ಲಿ ಆರ್ ಹುಡುಕಿ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಇಟ್ಟುಕೊಳ್ಳುತ್ತದೆ; ಮೊದಲ ಕರೆ ತುಸು ನಿಧಾನ, ಆಮೇಲೆ ಚುರುಕು ಆಗುವುದೂ ಇದರಿಂದಲೇ. ಎಕ್ಸಿಸ್ಟ್ಸ್‌ಮೆಥಡ್ ನೇರ ಬರೆದ ಮೆಥಡ್ಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಹ್ಯಾಸ್‌ಮೆಥಡ್ ಮೂಲದಿಂದ ಬಂದದ್ದನ್ನೂ ಹಿಡಿಯುತ್ತದೆ. ಗೆಟ್‌ಮೆಥಡ್ ಮತ್ತು ಸೆಲೆಕ್ಟ್‌ಮೆಥಡ್ ನಡುವಿನ ವ್ಯತ್ಯಾಸವೂ ಇದೇ. ದಿನದ ಲೆಕ್ಕ ಶುರುವಾಗುವ ಮುಂಚೆ ತನ್ನದೇ ಮೆಥಡ್ಡು ಇರಬೇಕಾದ ಪ್ರತಿ ಜಾತಿಗೂ ಎಕ್ಸಿಸ್ಟ್ಸ್‌ಮೆಥಡ್ ಓಡಿಸಿ, ಒಂದಾದರೂ ಫಾಲ್ಸ್ ಬಂದರೆ ಸ್ಕ್ರಿಪ್ಟು ನಿಲ್ಲುವಂತೆ ಸ್ಟಾಪ್‌ಇಫ್‌ನಾಟ್ ಹಾಕಿಡಿ. ನಾಲ್ಕು ಸಾಲಿನ ಕೆಲಸ.

ಚಾಲಿಯ ಗೋಣಿತೂಕ ಒಂದೊಂದು ಕಡೆ ಒಂದೊಂದು ತೆರನಾದ್ದರಿಂದ ಅದನ್ನು ಆರ್ಗ್ಯುಮೆಂಟು, ಅಂದರೆ ಕರೆಯುವಾಗ ಕೊಡುವ ವಿವರ, ಮಾಡಬೇಕಾಗುತ್ತದೆ. ಜೆನೆರಿಕ್ಕಿನಲ್ಲಿ ಲಾಟು ಮತ್ತು ಮೂರು ಚುಕ್ಕಿ (ಉಳಿದ ಆರ್ಗ್ಯುಮೆಂಟುಗಳು ಸೇರುವ ಜಾಗ) ಮಾತ್ರ ಇದ್ದರೂ ಮೆಥಡ್ಡಿನಲ್ಲಿ ಲಾಟು, ಗೋಣಿತೂಕ, ಮೂರು ಚುಕ್ಕಿ ಎಂದು ಬರೆಯಲಿಕ್ಕೆ, ಮೆಥಡ್ಡನ್ನು ಪಟ್ಟಿಗೆ ಸೇರಿಸುವ ಸೆಟ್‌ಮೆಥಡ್ ಬಿಡುತ್ತದೆ. ಹೇಗೆಂದರೆ, ರಿಮ್ಯಾಚ್‌ಡೆಫಿನಿಷನ್ ಎಂಬ ಒಳಗಿನ ಫಂಕ್ಷನ್ನು ನೀವು ಬರೆದದ್ದನ್ನು ಡಾಟ್ ಲೋಕಲ್ ಎಂಬ ಹೆಸರಿನಲ್ಲಿ ಸುತ್ತಿ, ಹೊರಗೆ ಜೆನೆರಿಕ್ಕಿಗೆ ಹೊಂದುವ ಹೊದಿಕೆ ಹಾಕುತ್ತದೆ. ಎರರ್ ಬಂದಾಗ ಕರೆಗಳ ಸರಣಿ ತೋರಿಸುವ ಟ್ರೇಸ್‌ಬ್ಯಾಕಿನಲ್ಲಿ ನೀವು ಬರೆಯದ ಡಾಟ್ ಲೋಕಲ್ ಕಂಡರೆ ಗಾಬರಿ ಬೇಡ. ಗಾಬರಿ ಬೇಕಾದ್ದು ಬೇರೆಡೆ: ಕರೆಯುವಾಗ ಗೋಣಿತೂಕ ಎಂಬ ಹೆಸರಿನ ಒಂದಕ್ಷರ ತಪ್ಪಿದರೆ ಅದು ಮೂರು ಚುಕ್ಕಿಯೊಳಗೆ ಸೇರಿ ಮಾಯವಾಗುತ್ತದೆ, ಲೆಕ್ಕ ಡಿಫಾಲ್ಟ್ 1 ಕಿಲೋದಲ್ಲೇ ನಡೆಯುತ್ತದೆ. ಮೆಥಡ್ಡಿನ ಮೊದಲ ಸಾಲಿಗೇ ಚೆಕ್ ಮಾಡುವ ಚೆಕ್‌ಡಾಟ್ಸ್ ಹಾಕಿ. ಹೆಸರಿನ ಸ್ಪೆಲ್ಲಿಂಗು ಸಿ ಎಚ್ ಕೆ, ಆಮೇಲೆ ದೊಡ್ಡ ಡಿಯಿಂದ ಡಾಟ್ಸ್. ಚುಕ್ಕಿಯೊಳಗೆ ಏನಾದರೂ ಉಳಿದಿದ್ದರೆ ಎಚ್ಚರಿಕೆ ಕೊಡುತ್ತದೆ.

ಎರಡು ಆರ್ಗ್ಯುಮೆಂಟಿನ ಮೇಲೆ ಮೆಥಡ್ ಆರಿಸುವ ಅನುಕೂಲ ಎಸ್4ರ ದೊಡ್ಡ ಬಲ, ಅಲ್ಲೇ ಒಂದು ಗೊಂದಲವೂ ಇದೆ. ದರ ಎಂಬ ಕ್ಲಾಸಿನಡಿ ಟೆಂಡರ್‌ದರ ಎಂಬುದಿದೆ ಎನ್ನಿ. ಚಾಲಿ ಮತ್ತು ದರ ಜೋಡಿಗೆ ಒಂದು ಮೆಥಡ್ಡು, ಅಡಿಕೆ ಮತ್ತು ಟೆಂಡರ್‌ದರ ಜೋಡಿಗೆ ಇನ್ನೊಂದು. ಚಾಲಿಯನ್ನು ಟೆಂಡರ್‌ದರದ ಜೊತೆ ಕೊಟ್ಟರೆ ಎರಡೂ ಒಂದೇ ಮೆಟ್ಟಿಲು ದೂರ. ಆರ್ ಸಾಲಿನಲ್ಲಿ ಮೊದಲನೆಯದನ್ನು ಎತ್ತಿಕೊಂಡು, ಇನ್ನೊಂದೂ ಹೊಂದುತ್ತಿತ್ತು ಎಂದು ಒಂದು ಸೂಚನೆ ಬರೆಯುತ್ತದೆ. ಆಯ್ಕೆ ಕ್ಯಾಶ್‌ಗೆ ಹೋದ ಮೇಲೆ ಆ ಸೂಚನೆ ಮತ್ತೆ ಬರುವುದಿಲ್ಲ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ ಅದನ್ನು ಯಾರೂ ಓದುವುದಿಲ್ಲ. ಚಾಲಿ ಮತ್ತು ಟೆಂಡರ್‌ದರ ಜೋಡಿಗೇ ನೇರ ಮೆಥಡ್ಡು ಬರೆದರೆ ಮುಗಿಯಿತು.

ಕಾರವಾರದ ಮೀನಿನ ಲೆಕ್ಕ ಸೇರಿದಾಗ ಬರುವ ಸಮಸ್ಯೆ ಬೇರೆ ಜಾತಿಯದು. ಅಲ್ಲಿ ಬಂಗುಡೆ, ತಾರ್ಲೆಯ ಲೆಕ್ಕ ಬುಟ್ಟಿಯಲ್ಲಿ. ಮೀನಿನ ಪ್ಯಾಕೇಜೂ ತನ್ನದೇ ಮೌಲ್ಯ ಜೆನೆರಿಕ್ಕು ಮಾಡಿಕೊಂಡಿದ್ದರೆ, ಹೆಸರು ಒಂದೇ ಆದರೂ ಆರ್‌ಗೆ ಅವು ಎರಡು ಬೇರೆ ಜೆನೆರಿಕ್ಕುಗಳು, ಎರಡು ಬೇರೆ ಪಟ್ಟಿಗಳು. ನಂತರ ಲೋಡ್ ಆದದ್ದು ಮೊದಲಿನದನ್ನು ಮುಚ್ಚುತ್ತದೆ. ಆಗ ಚಾಲಿಗೆ ಹೊಂದುವ ಮೆಥಡ್ಡು ಸಿಗಲಿಲ್ಲ ಎಂಬ ಎರರ್ ಬರುತ್ತದೆ, ಮೆಥಡ್ಡು ಕಣ್ಣೆದುರೇ ಇದ್ದರೂ. ಗೆಟ್‌ಜೆನೆರಿಕ್ಕಿಗೆ ಪ್ಯಾಕೇಜ್ ಹೆಸರು ಕೊಟ್ಟು ಎರಡನ್ನೂ ಬೇರೆಬೇರೆ ತೆಗೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಜೆನೆರಿಕ್ಕುಗಳು ಮಾತ್ರ ಇರುವ ಪುಟ್ಟ ಮೂರನೆಯ ಪ್ಯಾಕೇಜು ಮಾಡಿ, ಉಳಿದೆರಡೂ ಅದರಿಂದ ಇಂಪೋರ್ಟ್ ಮಾಡಿಕೊಳ್ಳುವುದೇ ಸರಿ. ಜೀವವಿಜ್ಞಾನದ ಆರ್ ಪ್ಯಾಕೇಜುಗಳ ಯೋಜನೆಯಾದ ಬಯೋಕಂಡಕ್ಟರಿನವರು ಬಯೋಕ್‌ಜೆನೆರಿಕ್ಸ್ ಇಟ್ಟುಕೊಂಡದ್ದು ಇದಕ್ಕೇ. ಪ್ಯಾಕೇಜು ಹೊರಗೆ ಏನೇನು ಕೊಡುತ್ತದೆ ಎಂದು ಬರೆಯುವ ನೇಮ್‌ಸ್ಪೇಸ್ ಫೈಲಿನಲ್ಲಿ ಎಕ್ಸ್‌ಪೋರ್ಟ್‌ಮೆಥಡ್ಸ್ ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳಿ.

ಕೂಡುವ ಚಿಹ್ನೆ, ಲೆಂತ್ ಮೊದಲಾದ ಪ್ರಿಮಿಟಿವ್‌ಗಳಿಗೆ, ಅಂದರೆ ಆರ್‌ನ ಒಳಗೇ ಕಟ್ಟಿದ ಫಂಕ್ಷನ್ನುಗಳಿಗೆ, ಸೆಟ್‌ಜೆನೆರಿಕ್ ಬೇಡ, ನೇರ ಸೆಟ್‌ಮೆಥಡ್ ಸಾಕು. ಎರಡು ಸಂಖ್ಯೆ ಕೂಡುವ ಮೆಥಡ್ಡಿಗೆ ಮಾತ್ರ ಬೀಗ ಹಾಕಿದೆ, ಬದಲಿಸಲಿಕ್ಕೆ ಹೋದರೆ ಎರರ್. ಲಾಟು ಲಾಟು ಕೂಡಿಸಲಿಕ್ಕೆ ಅರಿತ್ ಎಂಬ ಲೆಕ್ಕದ ಚಿಹ್ನೆಗಳ ಗುಂಪಿಗೆ ಒಂದು ಮೆಥಡ್ಡು ಬರೆದರೆ 7 ಚಿಹ್ನೆಗಳಿಗೂ ಸಲ್ಲುತ್ತದೆ. ಆದರೆ ಲಾಟನ್ನು ಲಾಟಿನಿಂದ ಗುಣಿಸುವುದಕ್ಕೆ ಅರ್ಥವಿಲ್ಲವಾದ್ದರಿಂದ ಕೂಡು, ಕಳೆ ಎರಡಕ್ಕೆ ಮಾತ್ರ ಬರೆಯುವುದು ಉತ್ತಮ.

ಒಂದು ಅಂಕ ಕಳೆದದ್ದು ಎರಡು ಕಾರಣಕ್ಕೆ. ಒಳಗಿನ ಫಂಕ್ಷನ್ನುಗಳ ಸಹಾಯ ಪುಟ ತೀರಾ ಬಿಗಿ. ಸಾಮಾನ್ಯ ಬಳಕೆದಾರರು ಇವನ್ನು ನೇರ ಕರೆಯುವುದಿಲ್ಲ ಎಂದು ಹೇಳಿ, ಒಂದೊಂದಕ್ಕೆ ಎರಡು ಮೂರು ಸಾಲಿನಲ್ಲಿ ಮುಗಿಸುತ್ತದೆ. ಎರಡನೆಯದು, ಮೇಲೆ ಹೇಳಿದ ಮೌನ. ಪಟ್ಟಿ ಅಳಿದಾಗ ಒಂದು ಎಚ್ಚರಿಕೆ ಬಂದಿದ್ದರೆ ಎಷ್ಟೋ ತಪ್ಪು ತಪ್ಪುತ್ತಿತ್ತು. ಹಳೆಯ ಕೋಡಿನ ಹೊರೆಯಿಲ್ಲದೆ ಹೊಸದಾಗಿ ಶುರು ಮಾಡುವವರು ಆರ್ ಪ್ಯಾಕೇಜುಗಳ ಭಂಡಾರವಾದ ಕ್ರ್ಯಾನ್‌ಗೆ 2023ರಲ್ಲಿ ಬಂದ, ಇದೇ ಬಗೆಯ ಕೆಲಸದ ಎಸ್7 ಪ್ಯಾಕೇಜನ್ನೂ ನೋಡಬಹುದು. ಬಯೋಕಂಡಕ್ಟರ್ ಜೊತೆ ಒಡನಾಟ ಇದ್ದರೆ ಎಸ್4 ಬಿಡುವ ಪ್ರಶ್ನೆಯಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ 3.5.0ಕ್ಕಿಂತ ಹಿಂದಿನ ಆರ್ ಇದ್ದರೆ, ಸ್ಕ್ರಿಪ್ಟು ಫೈಲುಗಳನ್ನು ಓಡಿಸುವ ಆರ್‌ಸ್ಕ್ರಿಪ್ಟ್ ಈ ಮೆಥಡ್ಸ್ ಪ್ಯಾಕೇಜನ್ನು ತಾನಾಗಿ ಲೋಡ್ ಮಾಡುವುದಿಲ್ಲ. ಸ್ಕ್ರಿಪ್ಟಿನ ತಲೆಗೇ ಲೈಬ್ರರಿ ಮೆಥಡ್ಸ್ ಎಂದು ಬರೆಯಿರಿ. ನಿಮ್ಮ ಪ್ಯಾಕೇಜು ಬೇರೊಂದರ ಕ್ಲಾಸನ್ನು ಆಧರಿಸಿದ್ದರೆ, ಅದು ಅಪ್‌ಡೇಟ್ ಆದಾಗಲೆಲ್ಲ ನಿಮ್ಮದನ್ನೂ ಮತ್ತೆ ಇನ್‌ಸ್ಟಾಲ್ ಮಾಡಬೇಕು, ಯಾಕೆಂದರೆ ಕ್ಲಾಸಿನ ವಿವರ ಇನ್‌ಸ್ಟಾಲ್ ಸಮಯದಲ್ಲೇ ಅಚ್ಚಾಗಿ ಉಳಿದಿರುತ್ತದೆ. ಮಾಡುವ ಮುಂಚೆ ಶೋಮೆಥಡ್ಸ್ ಔಟ್‌ಪುಟ್ಟನ್ನು ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿಟ್ಟುಕೊಳ್ಳಿ, ಮಾಡಿದ ಮೇಲೆ ಇನ್ನೊಂದಕ್ಕೆ ಇಳಿಸಿ, ಎರಡನ್ನೂ ಸಾಲು ಸಾಲಾಗಿ ಹೋಲಿಸಿ ನೋಡಿದ ಮೇಲೆಯೇ ಹೊಸ ಲಾಟುಗಳನ್ನು ಒಳಗೆ ಬಿಡಿ.