ಕಲಬುರಗಿಯಿಂದ ಬೆಂಗಳೂರಿಗೆ ಏರ್ ಆಂಬುಲೆನ್ಸ್: ಬಾಗಿಲು ಹಾಕುವ ಮುಂಚಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಉಲ್ಬಣಿಸಿ ರಕ್ತಕ್ಕೆ ಸೋಂಕು ಹರಡಿದ್ದ ನನ್ನ ಅಣ್ಣನನ್ನು ಕಲಬುರಗಿಯ ಆಸ್ಪತ್ರೆಯೊಂದರಿಂದ ಬೆಂಗಳೂರಿಗೆ ಸಾಗಿಸಲು ಖಾಸಗಿ ಏರ್ ಆಂಬುಲೆನ್ಸ್ ಕಂಪನಿಯೊಂದರ ಸೇವೆ ಪಡೆದೆವು. ರಸ್ತೆಯಲ್ಲಾದರೆ ಹತ್ತು ಗಂಟೆಗೂ ಹೆಚ್ಚಿನ ದಾರಿ, ವಿಮಾನದಲ್ಲಿ ಸುಮಾರು ಒಂದೂಕಾಲು ಗಂಟೆ. ವಿಮಾನದೊಂದಿಗೆ ಬಂದ ವೈದ್ಯರಿಗೂ ನರ್ಸಿಗೂ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಅವರನ್ನು ಕಳುಹಿಸಿದ ಕಚೇರಿಗೆ ಎರಡಕ್ಕಿಂತ ಹೆಚ್ಚು ಕೊಡಲಾರೆ.

ಹಿಂದಿನ ಸಂಜೆ ಕಚೇರಿಯವರು ಫೋನಿನಲ್ಲಿ ವಿವರ ಬರೆದುಕೊಂಡಾಗ ಅಣ್ಣನ ಉಸಿರಾಟ ನಿಮಿಷಕ್ಕೆ 20, ನಾಡಿ 102, ಮೇಲಿನ ರಕ್ತದೊತ್ತಡ 118, ಜ್ವರ 38.2 ಡಿಗ್ರಿ ಇದ್ದವು. ಮಾಸ್ಕ್ ಮೂಲಕ ಆಕ್ಸಿಜನ್ ಕೊಡುತ್ತಿದ್ದುದರಿಂದ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 95ರಲ್ಲಿ ನಿಂತಿತ್ತು. ಆ ಅಂಕಿಗಳ ಮೇಲೆಯೇ ದರ, ಉಪಕರಣ, ಸಿಲಿಂಡರುಗಳ ಸಂಖ್ಯೆ ಎಲ್ಲವೂ ನಿಗದಿಯಾದವು. ಬೆಳಿಗ್ಗೆ ವಿಮಾನ ಹೊರಡುವ ಮೊದಲು ಇನ್ನೊಮ್ಮೆ ಫೋನ್ ಮಾಡಿ ಕೇಳುವ ವ್ಯವಸ್ಥೆ ಅವರಲ್ಲಿರಲಿಲ್ಲ. ನನ್ನ ಮೊದಲ ದೂರು ಇದೇ.

ಬೆಳಿಗ್ಗೆ ಒಂಬತ್ತಕ್ಕೆ ಐಸಿಯುಗೆ ಬಂದ ವೈದ್ಯರು ನಮ್ಮ ಕೈಲಿದ್ದ ಫೈಲನ್ನು ಪಕ್ಕಕ್ಕಿಟ್ಟು, ಎಲ್ಲವನ್ನೂ ತಾವೇ ಹೊಸದಾಗಿ ಅಳೆದರು. ಉಸಿರಾಟ 26, ನಾಡಿ 118, ರಕ್ತದೊತ್ತಡ 104, ಜ್ವರ 38.6, ಆಕ್ಸಿಜನ್ ಇದ್ದೂ ಸ್ಯಾಚುರೇಶನ್ 93. ಜೇಬಿನಿಂದ ತೆಗೆದ ಬಣ್ಣಬಣ್ಣದ ಒಂದು ಕಾರ್ಡಿನ ಮೇಲೆ ಪೆನ್ನಿನ ತುದಿಯಿಟ್ಟು ಕೂಡಿಸುತ್ತಾ ಹೋಗಿ, ‘ಹನ್ನೊಂದು’ ಎಂದರು. ಸಂಜೆಯ ಅಂಕಿಗಳನ್ನೂ ಹಾಗೆಯೇ ಕೂಡಿಸಿ ನೋಡಿದರೆ ಐದು ಬಂತು.

ಆ ಕಾರ್ಡು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ನ್ಯೂಸ್ ಎಂಬ ಮುನ್ನೆಚ್ಚರಿಕೆ ಅಂಕಪಟ್ಟಿ. ಉಸಿರಾಟ, ಸ್ಯಾಚುರೇಶನ್, ಆಕ್ಸಿಜನ್ ಕೊಡುತ್ತಿದ್ದಾರೆಯೇ ಇಲ್ಲವೇ ಎಂಬುದು, ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ ಎಂಬ ಏಳು ವಿಷಯಗಳಿಗೆ ಅದು ಅಂಕ ಕೊಡುತ್ತದೆ. ಮೊತ್ತ ಐದಾದರೆ ತುರ್ತಾಗಿ ನೋಡಬೇಕು, ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಕೂಡಲೇ ಪರಿಣತರ ತಂಡ ಕೈಹಾಕಬೇಕು ಎಂಬುದು ಅದರ ನಿಯಮ. ಇದರ ಜೊತೆಗೆ ವೈದ್ಯರು ಇನ್ನೊಂದು ಸಣ್ಣ ಭಾಗಾಕಾರ ಮಾಡಿದರು: ನಾಡಿಯನ್ನು ರಕ್ತದೊತ್ತಡದಿಂದ ಭಾಗಿಸುವುದು. ಶಾಕ್ ಇಂಡೆಕ್ಸ್ ಎಂದು ಕರೆಯಲಾಗುವ ಈ ಸಂಖ್ಯೆ ಆರೋಗ್ಯವಂತರಲ್ಲಿ 0.5ರಿಂದ 0.7ರ ನಡುವೆ ಇರುತ್ತದೆ. ಅಣ್ಣನದು 1.1 ದಾಟಿತ್ತು. ಒತ್ತಡ ನೂರರ ಮೇಲಿದೆಯೆಂದು ಸಮಾಧಾನಪಡುತ್ತಿದ್ದ ನಮಗೆ, ಅದು ಹೃದಯದ ಓಟದ ಬಲದಿಂದಷ್ಟೇ ನಿಂತಿದೆ ಎಂಬುದು ಆಗ ತಿಳಿಯಿತು.

‘ಹೀಗೇ ಹತ್ತಿಸುವುದಿಲ್ಲ. ಮೇಲೆ ಹೋದ ಮೇಲೆ ಉಸಿರು ಸೋತರೆ ಆ ಇಕ್ಕಟ್ಟಿನಲ್ಲಿ ಟ್ಯೂಬ್ ಹಾಕುವುದು ಕಷ್ಟ’ ಎಂದು ಹೇಳಿ, ಅಲ್ಲಿಯೇ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಅದಕ್ಕೂ ಮೊದಲೇ ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಔಷಧವನ್ನು ಸಿರಿಂಜ್ ಪಂಪಿನಲ್ಲಿ ತುಂಬಿ ಸಿದ್ಧವಾಗಿಟ್ಟಿದ್ದರು. ಶಾಕ್ ಇಂಡೆಕ್ಸ್ ಇಷ್ಟಿರುವವರಿಗೆ ಅರಿವಳಿಕೆ ಕೊಟ್ಟ ಬಳಿಕ ಒತ್ತಡ ಕುಸಿಯುವ ಸಂಭವ ಹೆಚ್ಚೆಂದು ವಿವರಿಸಿದರು. ಎದೆಯ ಎರಡೂ ಬದಿ ಅಲ್ಟ್ರಾಸೌಂಡ್ ಮಾಡಿ, ಶ್ವಾಸಕೋಶದ ಸುತ್ತ ಗಾಳಿ ಸೋರಿಲ್ಲವೆಂದು ಖಚಿತಪಡಿಸಿಕೊಂಡರು. ಸಿಕ್ಕಿಕೊಂಡ ಗಾಳಿ ಎತ್ತರಕ್ಕೆ ಹೋದಂತೆ ಹಿಗ್ಗುತ್ತದೆ. ಕ್ಯಾಬಿನ್ನಿನ ಒತ್ತಡ 8,000 ಅಡಿ ಎತ್ತರದಷ್ಟಕ್ಕೆ ಇಳಿದರೆ ಅದರ ಗಾತ್ರ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಪಿಯು ತರಗತಿಗೆ ಮೂವತ್ತು ವರ್ಷ ಬಾಯ್ಲ್ ನಿಯಮ ಕಲಿಸಿದ ನಾನು ಅದನ್ನು ಅಣ್ಣನ ಎದೆಗೆ ಅನ್ವಯಿಸಿ ನೋಡುವ ದಿನ ಬರುತ್ತದೆಂದು ಎಣಿಸಿರಲಿಲ್ಲ.

ನರ್ಸ್ ಈ ನಡುವೆ ಆಕ್ಸಿಜನ್ ಲೆಕ್ಕ ಹಾಕುತ್ತಿದ್ದರು. ನಿಮಿಷಕ್ಕೆ ಹತ್ತು ಲೀಟರ್. ವಿಮಾನ ನಿಲ್ದಾಣಕ್ಕೆ, ಹತ್ತಿಸುವುದಕ್ಕೆ, ಹಾರಾಟಕ್ಕೆ, ಬೆಂಗಳೂರಿನ ಟ್ರಾಫಿಕ್ಕಿಗೆ ಎಲ್ಲ ಸೇರಿ 185 ನಿಮಿಷ. ಅಂದರೆ 1,850 ಲೀಟರ್, ಅದರ ಎರಡು ಪಟ್ಟು ಕೈಯಲ್ಲಿರಬೇಕು. ಬಿ ಟೈಪ್ ಸಿಲಿಂಡರ್ ಒಂದರಲ್ಲಿ ಸುಮಾರು 1,500 ಲೀಟರ್ ಹಿಡಿಯುತ್ತದೆ. ಕಚೇರಿ ಕಳುಹಿಸಿದ್ದು ಎರಡೇ. ಮೂರನೆಯದನ್ನು ಅವರು ಆ ಆಸ್ಪತ್ರೆಯಿಂದಲೇ ಎರವಲು ಪಡೆದರು, ರಸೀದಿಗೆ ಸಹಿ ನಾನು ಹಾಕಿದೆ.

ಇದಕ್ಕೆಲ್ಲ ಎರಡೂವರೆ ಗಂಟೆ ಹಿಡಿಯಿತು. ಹೊರಗೆ ಕುಳಿತಿದ್ದ ನಮ್ಮ ಬಂಧುಗಳಿಗೆ, ವಿಮಾನ ಬಂದು ನಿಂತಿದ್ದರೂ ಇವರು ತಡಮಾಡುತ್ತಿದ್ದಾರೆಂದು ಸಿಟ್ಟು ಬಂದಿತ್ತು. ನನಗೂ ಬಂದಿತ್ತು.

ವಿಮಾನದಲ್ಲಿ ವೈದ್ಯರು ಪೈಲಟ್ಟಿಗೆ, ಇಂಧನ ಹೆಚ್ಚು ಖರ್ಚಾದರೂ ಸರಿ, ಕ್ಯಾಬಿನ್ನಿನ ಒತ್ತಡ 3,000 ಅಡಿ ಎತ್ತರದಲ್ಲಿರುವುದಕ್ಕಿಂತ ಕಡಿಮೆಯಾಗದಂತೆ ಕೆಳಗೆ ಹಾರಲು ಹೇಳಿದರು. ಬೆಂಗಳೂರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ಆದರೂ ಮೇಲೇರುತ್ತಿದ್ದಂತೆ ಗಂಟಲಿನ ಟ್ಯೂಬನ್ನು ಹಿಡಿದಿಡುವ ಪುಟ್ಟ ಬಲೂನಿಗೆ ಗಡಿಯಾರದಂಥ ಒತ್ತಡ ಮಾಪಕವನ್ನು ಸಿಕ್ಕಿಸಿ ನೋಡಿದರು. ಮುಳ್ಳು 26ರಿಂದ 34ಕ್ಕೆ ಸರಿದಿತ್ತು. ಮೂವತ್ತು ಮೀರಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲವೆಂದು ಹೇಳುತ್ತಲೇ ಸ್ವಲ್ಪ ಗಾಳಿ ಬಿಟ್ಟು, ಮುಳ್ಳನ್ನು ಮತ್ತೆ 26ಕ್ಕೆ ತಂದರು. ನಲವತ್ತನೆಯ ನಿಮಿಷದ ಹೊತ್ತಿಗೆ ರಕ್ತದೊತ್ತಡ 84ಕ್ಕೆ ಇಳಿಯಿತು. ಯಾರೂ ಎದ್ದು ಓಡಾಡಲಿಲ್ಲ, ಯಾರೂ ದನಿ ಏರಿಸಲಿಲ್ಲ. ನರ್ಸ್ ಪಂಪಿನ ಗುಂಡಿಯನ್ನು ನಾಲ್ಕು ಬಾರಿ ಒತ್ತಿದರು, ಅಷ್ಟೆ. ಹತ್ತು ನಿಮಿಷದಲ್ಲಿ 100 ದಾಟಿತು.

ಅಂಕಪಟ್ಟಿಯೇ ಎಲ್ಲವನ್ನೂ ಹೇಳಿತೆಂದು ನಾನು ವಾದಿಸುವುದಿಲ್ಲ. ನ್ಯೂಸ್ ಮೂಲತಃ ಆಸ್ಪತ್ರೆಯ ವಾರ್ಡುಗಳಿಗಾಗಿ ಮಾಡಿದ್ದು. ರೋಗಿಯ ವಯಸ್ಸನ್ನು ಅದು ಕೇಳುವುದೇ ಇಲ್ಲ. ವೆಂಟಿಲೇಟರಿಗೆ ಜೋಡಿಸಿದ ಮೇಲಂತೂ ಉಸಿರಾಟದ ವೇಗವನ್ನು ಯಂತ್ರವೇ ನಿರ್ಧರಿಸುವುದರಿಂದ, ನಿದ್ದೆಯ ಔಷಧ ಕೊಟ್ಟವರ ಪ್ರಜ್ಞೆಯನ್ನು ಅಳೆಯಲಾಗದಿರುವುದರಿಂದ, ಮೊತ್ತಕ್ಕೆ ಹೆಚ್ಚು ಅರ್ಥ ಉಳಿಯುವುದಿಲ್ಲ. ಯುರೋಪಿನ ಹಲವು ಹೆಲಿಕಾಪ್ಟರ್ ತಂಡಗಳು ಬಳಸುವ ನಾಕಾ ಮಾಪನವಾದರೋ (ನಾಸಾದ ಪೂರ್ವಜ ಸಂಸ್ಥೆಯ ಹೆಸರೇ ಅದಕ್ಕೆ ಅಂಟಿಕೊಂಡಿದೆ) ಸೊನ್ನೆಯಿಂದ ಏಳರವರೆಗೆ ಗಂಭೀರತೆಯನ್ನು ಗುರುತಿಸುತ್ತದೆ, ಆದರೆ ಅದು ವೈದ್ಯರ ಅಂದಾಜನ್ನೇ ನೆಚ್ಚಿಕೊಂಡಿದೆ. ನಮ್ಮ ವೈದ್ಯರಿಗೆ ನೆರವಾದದ್ದು ಹನ್ನೊಂದು ಎಂಬ ಸಂಖ್ಯೆಗಿಂತ, ಒಂದು ರಾತ್ರಿಯಲ್ಲಿ ಐದು ಹನ್ನೊಂದಾಗಿದೆ ಎಂಬ ಅಂತರ. ಇಷ್ಟು ಬೇಗ ಏರಿದ್ದು ಇನ್ನೂ ಮೂರು ಗಂಟೆಯಲ್ಲಿ ಎಲ್ಲಿಗೆ ಮುಟ್ಟಬಹುದೆಂದು ಅವರು ಮೊದಲೇ ಯೋಚಿಸಿ, ಅದಕ್ಕೆ ಬೇಕಾದುದನ್ನು ನೆಲದ ಮೇಲೆಯೇ ಮುಗಿಸಿದ್ದರು.

ಅಣ್ಣ ಹತ್ತೊಂಬತ್ತು ದಿನಗಳ ಬಳಿಕ ಮನೆಗೆ ಬಂದ. ಅದಾದ ವಾರಕ್ಕೆ ಕಚೇರಿಯಿಂದ ಹೆಚ್ಚುವರಿ ಬಿಲ್ ಬಂತು. ‘ಎಲ್ಲವೂ ಸೇರಿ’ ಎಂದು ಹೇಳಿ ಮುಂಗಡವಾಗಿ ಪೂರ್ತಿ ಕಟ್ಟಿಸಿಕೊಂಡಿದ್ದ ಮೊತ್ತದ ಮೇಲೆ ವೆಂಟಿಲೇಟರ್ ಬಳಕೆಗೆ ಒಂದು ಶುಲ್ಕ, ಕಲಬುರಗಿ ನಿಲ್ದಾಣದಲ್ಲಿ ವಿಮಾನ ಕಾದದ್ದಕ್ಕೆ ಇನ್ನೊಂದು. ಅಣ್ಣನನ್ನು ಉಳಿಸಿದ ಆ ಎರಡೂವರೆ ಗಂಟೆ ಬಿಲ್ಲಿನಲ್ಲಿ ‘ರೋಗಿಯ ಕಡೆಯಿಂದ ವಿಳಂಬ’ ಎಂದು ನಮೂದಾಗಿದೆ. ವಿಮೆಯವರು ಆ ಸಾಲಿಗೆ ವೈದ್ಯಕೀಯ ಕಾರಣ ತೋರಿಸಿ ಎನ್ನುತ್ತಿದ್ದಾರೆ. ವೈದ್ಯರು ಬರೆದ ಹಾರಾಟದ ದಾಖಲೆಯ ಪ್ರತಿಯನ್ನು ಮೂರು ಬಾರಿ ಇಮೇಲ್ ಮಾಡಿ ಕೇಳಿದರೂ ಕಚೇರಿ ಕಳುಹಿಸಿಲ್ಲ. ಬೆಂಗಳೂರಿನ ಆಸ್ಪತ್ರೆಯ ಲಿಫ್ಟಿನಲ್ಲಿ, ಸ್ಟ್ರೆಚರಿನ ಮೇಲಿಟ್ಟಿದ್ದ ಆ ಹಾಳೆಯನ್ನು ನಾನು ಮೊಬೈಲಿನಲ್ಲಿ ತೆಗೆದ ಅಲುಗಿದ ಫೋಟೋವನ್ನೇ ಸದ್ಯಕ್ಕೆ ವಿಮೆಯವರಿಗೆ ಸಲ್ಲಿಸಿದ್ದೇನೆ.