ಟಿಡಿಎ ನಿಯಮಾವಳಿ: ಲೈವ್ ಪೋಕರ್ ಟೇಬಲ್‌ನಲ್ಲಿ ಎಷ್ಟು ಉಪಯುಕ್ತ?

2001ರಲ್ಲಿ ಹುಟ್ಟಿದ ಪೋಕರ್ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಶನ್‌ನ (ಟಿಡಿಎ) ನಿಯಮಾವಳಿ ಉಚಿತ. ಬೆಟ್ಟಿಂಗ್ ಜಗಳಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಅದರ ಜೀವಾಳ ಸ್ಪಷ್ಟತೆ. ಬ್ಲೈಂಡ್ (ಕಾರ್ಡ್ ನೋಡುವ ಮೊದಲೇ ಹಾಕುವ ಕಡ್ಡಾಯ ಬೆಟ್) 100-200 ಇರುವಾಗ ಮಾತಾಡದೆ 1000ದ ಒಂದೇ ಚಿಪ್ ಹಾಕಿದರೆ ಅದು 200ರ ಕಾಲ್ (ಇರುವ ಬೆಟ್‌ಗೆ ಸರಿಗಟ್ಟುವುದು), ರೇಸ್ (ಬೆಟ್ ಏರಿಸುವುದು) ಅಲ್ಲ. ಚಿಪ್ ಟೇಬಲ್ ಬಟ್ಟೆ ಮುಟ್ಟುವ ಮೊದಲೇ 'ರೇಸ್' ಎನ್ನಬೇಕು. ಬೆಟ್‌ಗೆ ಮೇಲ್ಮಿತಿ ಇಲ್ಲದ ನೋ-ಲಿಮಿಟ್‌ನಲ್ಲಿ ಶೇ 50ರ ನಿಯಮವೇ ಹೆಚ್ಚು ಜನರನ್ನು ಎಡವಿಸುವುದು: ಎದುರಾಳಿ 1000 ಬೆಟ್ ಮಾಡಿದ್ದಾಗ ಕನಿಷ್ಠ ರೇಸ್ 2000ಕ್ಕೆ. ಸುಮ್ಮನೆ 1400 ಹಾಕಿದರೆ ಕಾಲ್. 1500 (ಬೆಟ್‌ಗಿಂತ ಅದರ ಅರ್ಧದಷ್ಟು ಜಾಸ್ತಿ) ಅಥವಾ ಹೆಚ್ಚು ಹಾಕಿದರೆ 2000 ಪೂರ್ತಿ ಮಾಡಲೇಬೇಕು. ಅದೇ 1000ಕ್ಕೆ ಒಬ್ಬರು 1400ಕ್ಕೆ ಆಲ್-ಇನ್ ಹೋಗಿ (ತಮ್ಮೆಲ್ಲ ಚಿಪ್ ಪಣಕ್ಕಿಟ್ಟು), ಉಳಿದವರು ಬರೀ ಕಾಲ್ ಮಾಡಿದರೆ, ಆ 1400 ಪೂರ್ತಿ ರೇಸ್ ಅಲ್ಲದ ಕಾರಣ ಮೊದಲು ಬೆಟ್ ಮಾಡಿದವರಿಗೆ ಮತ್ತೆ ರೇಸ್ ಹಕ್ಕಿಲ್ಲ. ಡೀಲರ್‌ಗಳೂ ಇಲ್ಲಿ ತಪ್ಪುತ್ತಾರೆ.

ಸ್ಟ್ರಿಂಗ್ ಬೆಟ್ ನಿಷೇಧ ನ್ಯಾಯವಾದದ್ದು. ಮೊದಲು ಕಾಲ್‌ನಷ್ಟು ಚಿಪ್ ಇಟ್ಟು, ಎದುರಾಳಿಯ ಮುಖ ನೋಡಿ, ಆಮೇಲೆ ಇನ್ನಷ್ಟು ತಳ್ಳುವುದು ಮೋಸವೇ. ಮೊತ್ತವನ್ನು ಬಾಯಲ್ಲಿ ಹೇಳಿ. ಸರದಿಯಲ್ಲಿ ಆಡಿದ ಮಾತಿಗೆ ಬದ್ಧರಾಗಲೇಬೇಕು.

ಕೊರತೆಯೂ ಇದೆ. ನಿಯಮಗಳು ಟೂರ್ನಮೆಂಟ್‌ಗಾಗಿ, ಚಿಪ್‌ಗೆ ನೇರ ಹಣದ ಬೆಲೆ ಇರುವ ಕ್ಯಾಶ್ ಗೇಮ್‌ನಲ್ಲಿ ಆಟ ನಡೆಸುವ ಕ್ಲಬ್ ಅಥವಾ ಕ್ಯಾಸಿನೋದ ಸ್ವಂತ ನಿಯಮವೇ ಅಂತಿಮ. ಬೆಟ್ಟಿಂಗ್ ಗೆರೆ ದಾಟಿದ ಚಿಪ್‌ಗಳು ಬದ್ಧವೇ (ವಾಪಸ್ ತೆಗೆಯುವಂತಿಲ್ಲವೇ) ಎಂದು ಆಟಕ್ಕೆ ಕೂರುವ ಮೊದಲೇ ಫ್ಲೋರ್ ಸಿಬ್ಬಂದಿಯನ್ನು (ಆಟದ ಮೇಲ್ವಿಚಾರಕರನ್ನು) ಕೇಳಿ. ಗೆಲ್ಲುವ ಕಾರ್ಡ್ ಹಿಡಿದೂ ತೋರಿಸದೆ ಸತಾಯಿಸುವ ಸ್ಲೋ-ರೋಲ್‌ಗೆ ನೇರ ಮದ್ದು ಕಡಿಮೆ. ದೊಡ್ಡ ಮೌಲ್ಯದ ಚಿಪ್‌ಗಳನ್ನು ಸಣ್ಣವುಗಳ ಹಿಂದೆ ಅಡಗಿಸುವವರ ವಿರುದ್ಧ ಮಾತ್ರ ನಿಯಮ ಗಟ್ಟಿಯಾಗಿದೆ: ದೊಡ್ಡವು ಎದ್ದು ಕಾಣುವಂತೆಯೇ ಇರಬೇಕು.