0.5 ದೊಡ್ಡದೋ, 0.45 ದೊಡ್ಡದೋ: ದುಡ್ಡು, ತಕ್ಕಡಿ, ಕಾಗದದ ಪಟ್ಟಿ

ಮಗಳು 0.5ಕ್ಕಿಂತ 0.45 ದೊಡ್ಡದು ಅಂತ ಬರೆದಿದ್ದಳು. "ಐದಕ್ಕಿಂತ ನಲವತ್ತೈದು ಜಾಸ್ತಿ ಅಲ್ವಾಮ್ಮಾ?" ಅಂದಳು. ಬಿಂದುವಿನ ಆಚೆಗೂ ಒಂದೊಂದು ಅಂಕಿಗೆ ಒಂದೊಂದು ಸ್ಥಾನಬೆಲೆ ಇದೆ ಅನ್ನುವುದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ದಾರಿ ಹಿಡಿದು ನೋಡಿದೆ.

ಮೊದಲು, ಎಲ್ಲರ ಹಾಗೆ, ದುಡ್ಡು. 12.50 ಅಂದರೆ ಹನ್ನೆರಡು ರೂಪಾಯಿ ಐವತ್ತು ಪೈಸೆ. ಬೇಗ ಹೇಳಿದಳು. 12.5 ಬರೆದೆ. "ಹನ್ನೆರಡು ರೂಪಾಯಿ ಐದು ಪೈಸೆ" ಅಂದಳು! ಬಿಂದು ಅವಳಿಗೆ ರೂಪಾಯಿ, ಪೈಸೆ ನಡುವಿನ ಗೋಡೆ ಅಷ್ಟೇ. ನಾಲ್ಕಾಣೆ ಚಲಾವಣೆ ನಿಂತದ್ದು 2011ರಲ್ಲಿ. ಪೈಸೆಯನ್ನು ಕೈಯಲ್ಲಿ ಹಿಡಿದೇ ನೋಡದ ಮಗುವಿಗೆ ಅದರಿಂದ ಏನು ತಿಳಿಯಬೇಕು?

ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸ್ವಲ್ಪ ವಾಸಿ. ಕಾಲು ಕೆಜಿ ಬೀನ್ಸ್‌ಗೆ 0.250, ಒಂದು ನಿಂಬೆಹಣ್ಣಿಗೆ 0.045. ಬಿಂದುವಿನ ಪಕ್ಕದ ಸೊನ್ನೆ ಸುಮ್ನೆ ಕೂತಿಲ್ಲ ಅಂತ ಅಲ್ಲಿ ಗೊತ್ತಾಯಿತು. ಆದರೂ ಅವಳು ಓದುತ್ತಿದ್ದದ್ದು 250 ಗ್ರಾಂ ಅಂತಲೇ.

ನನಗೆ ಒಗ್ಗಿದ್ದು ಮೂರನೆಯದು. ಹಳೇ ಪೇಪರ್ ಕತ್ತರಿಸಿ, ಅಂಟಿಸಿ, ಸರಿಯಾಗಿ ಒಂದು ಮೀಟರ್ ಉದ್ದದ ಪಟ್ಟಿ ಮಾಡಿದೆವು. ಹತ್ತು ಸೆಂಟಿಮೀಟರ್‌ಗೊಂದು ಕೆಂಪು ಗೆರೆ. ಅದು ಮೀಟರಿನ ಹತ್ತನೇ ಒಂದು ಪಾಲು, ದಶಾಂಶ. ಪ್ರತಿ ಕೆಂಪು ಮನೆಯೊಳಗೆ ಸೆಂಟಿಮೀಟರ್‌ಗೊಂದು ನೀಲಿ ಗೆರೆ. ಅದು ಶತಾಂಶ. 0.45 ಹುಡುಕು ಅಂದೆ. ನಾಲ್ಕು ಕೆಂಪು ದಾಟಿದಳು, ಆಮೇಲೆ ಐದು ನೀಲಿ ಎಣಿಸಿದಳು. ಈಗ 0.5. ಐದು ಕೆಂಪು, ನೀಲಿ ಇಲ್ಲವೇ ಇಲ್ಲ. ಬೆರಳು ಅಲ್ಲೇ ನಿಂತಿತು. "ಅಮ್ಮಾ, ಇದು ಮುಂದಿದೆ!" 0.50 ಕೇಳಿದಾಗಲೂ ಬೆರಳು ಅದೇ ಗೆರೆಗೆ ಹೋಯಿತು. ಎಷ್ಟು ರೂಪಾಯಿ ಲೆಕ್ಕ ಹೇಳಿದರೂ ಬಾರದ್ದು ಅದು.

ಓದುವ ರೀತಿಯನ್ನೂ ಬದಲಿಸಿದೆವು. "ಪಾಯಿಂಟ್ ನಲವತ್ತೈದು" ಅಲ್ಲ, "ಪಾಯಿಂಟ್ ನಾಲ್ಕು ಐದು". ಕ್ರಿಕೆಟ್ ಓವರ್ ಮಾತ್ರ ಉದಾಹರಣೆಗೆ ತರಬೇಡಿ. ಅಲ್ಲಿ 19.5 ಅಂದರೆ 19 ಓವರ್, 5 ಬಾಲ್. ಇನ್ನೊಂದು ಬಾಲ್ ಆದರೆ 20. ಆರಕ್ಕೇ ಸ್ಥಾನ ಬದಲಾಗುತ್ತದೆ, ಹತ್ತಕ್ಕಲ್ಲ.

ಪಟ್ಟಿ ಈಗ ಅಡುಗೆಮನೆ ಗೋಡೆಯ ಮೇಲಿದೆ. ನಿನ್ನೆ 0.457 ಎಲ್ಲಿ ಬರುತ್ತೆ ಅಂತ ಕೇಳಿದೆ. ಒಂದು ನೀಲಿ ಮನೆಯನ್ನು ಹತ್ತು ಪಾಲು ಮಾಡಬೇಕು ಅಂದವಳೇ ಪೆನ್ಸಿಲ್ ಚೂಪು ಮಾಡಿಕೊಂಡು ಬಂದಳು.